ಮಿಲಿಟರಿ ಲಾರಿಯ ಆರು ರೆಕ್ಕೆಗಳು

12-8-78, ಬೆಳಿಗ್ಗೆ 0600

ರೇಡಿಯೇಟರ್ ನೀರು — ಸರಿ. ಆಯಿಲ್ — ಸರಿ. ಬೆಲ್ಟ್ ಹೆಬ್ಬೆರಳಿನಿಂದ ಒತ್ತಿ ನೋಡಿದೆ — ಸರಿ. ಫ್ಯಾನಿನ ಆರು ರೆಕ್ಕೆಗಳನ್ನೂ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ ಕೇಳಿದೆ. ಆರೂ ಟಣ್ ಅಂದವು. ಜಯಪ್ಪ ಬೀಡಿ ಸೇದುತ್ತಾ ನಿಂತು ನಗುತ್ತಿದ್ದ.

"ಏನ್ ಭಾವ, ದಿನಾ ಬೆಳಗಾದ್ರೆ ಗುಡಿ ಗಂಟೆ ಬಾರಿಸ್ದಂಗೆ ಬಾರಿಸ್ತೀರಲ್ಲ. ದೇವ್ರು ಎದ್ದೇಳ್ತಾನೇನು?"

ನಗಲಿ. ಹೆಂಡತಿಯ ತಮ್ಮ. ನಾನೇ ಹೇಳಿ ಕೊಟ್ರಬಸಪ್ಪ ಸಾಹುಕಾರರ ಹತ್ತಿರ ಡ್ರೈವರ್ ಕೆಲಸ ಕೊಡಿಸಿದ್ದು. ಸ್ಟೇರಿಂಗ್ ಹಿಡಿಯಲು ಬರುತ್ತದೆ, ಬಾನೆಟ್ ಎತ್ತಲು ಸೋಮಾರಿತನ.

ಲಾರಿ ಪಟ್ಟಾಳದ್ದು, ಮಿಲಿಟರಿಯಲ್ಲಿದ್ದದ್ದು. ಸಾಹುಕಾರರು ಹರಾಜಿನಲ್ಲಿ ಹಿಡಿದು ಚನ್ನಗಿರಿಗೆ ತಂದದ್ದು. ಹಸಿರು ಬಣ್ಣ ಇನ್ನೂ ಹೋಗಿಲ್ಲ. ಒಂದು ಕಾಲಕ್ಕೆ ತೋಪು ಎಳೆಯುತ್ತಿದ್ದದ್ದು ಈಗ ಅಡಿಕೆ ಮೂಟೆ ಹೊರುತ್ತದೆ, ಬರುವಾಗ ಜಗಳೂರಿನಿಂದ ಕುರಿಗೊಬ್ಬರ ತುಂಬಿಕೊಂಡು ಬರುತ್ತದೆ. ನಾನೂ ಹಾಗೆಯೇ. ಹದಿನೇಳು ವರ್ಷ ಆರ್ಮಿ ವರ್ಕ್‌ಶಾಪಿನಲ್ಲಿ ಹವಾಲ್ದಾರ್ ಮೆಕ್ಯಾನಿಕ್, ಈಗ ರಸ್ತೆ ಬದಿ ಶೆಡ್ಡಿನ ಹನುಮಂತಪ್ಪ. ಇಬ್ಬರೂ ಪೆನ್ಷನ್ ಗಿರಾಕಿಗಳು.

19-8-78, ಸಂಜೆ

ನ್ಯಾಮತಿ ಕಡೆ ಜೋರು ಮಳೆ. ಹಳ್ಳ ರಸ್ತೆ ಮೇಲೆ ಹರಿಯುತ್ತಿತ್ತಂತೆ. ಸಾಹುಕಾರರ ತಮ್ಮ ಹಾಲೇಶಪ್ಪ ಕ್ಯಾಬಿನಿನಲ್ಲಿದ್ದರು. ಸೀದಾ ನೀರಿಗೆ ನುಗ್ಗಿಸಿದ್ದಾರೆ.

ಜಯಪ್ಪನಿಗೆ ಚೆನ್ನಾಗಿ ಬೈದೆ. ಆಳದ ನೀರಿಗೆ ಇಳಿಸುವ ಮುಂಚೆ ಫ್ಯಾನ್ ಬೆಲ್ಟ್ ತೆಗೆದುಬಿಡಬೇಕು — ನಾಲ್ಕು ಸಲ ಹೇಳಿದ್ದೆ. ಫ್ಯಾನ್ ಇರುವುದು ಗಾಳಿ ಬೀಸಲು, ನೀರು ಕಡೆಯಲು ಅಲ್ಲ. ನೀರಿನಲ್ಲಿ ತಿರುಗಿದರೆ ರೆಕ್ಕೆ ಬಾಗಿ ರೇಡಿಯೇಟರ್ ಕಡೆಗೆ ಹೋಗುತ್ತದೆ. ಬುಡ ಸಡಿಲವಾಗುತ್ತದೆ.

"ಹೇಳ್ದೆ ಭಾವ. ಹಾಲೇಶಣ್ಣಾರು 'ಮಳ್ಯಾಗೆ ಯಾವನ್ ಇಳಿದು ಬಿಚ್ತಾನೆ, ಹೊಡಿ ಗಾಡೀನ' ಅಂದ್ರು. ನಾ ಏನ್ ಮಾಡ್ಲಿ?"

ಏನು ಮಾಡಬೇಕಿತ್ತು... ನನಗೂ ಗೊತ್ತಿಲ್ಲ. ಹಾಲೇಶಪ್ಪನಿಗೆ ಎದುರಾಡು ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.

20-8-78, 0630

ತಟ್ಟಿದೆ. ಐದು ಟಣ್ ಅಂದವು. ಒಂದು ಬೊದ್ದ್ ಅಂದಿತು — ಒಡೆದ ಗಡಿಗೆ ಬಾರಿಸಿದ ಹಾಗೆ.

ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕಿನಲ್ಲಿ ಉಳಿದ ಎಣ್ಣೆ ಒಸರಿ ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ರಿವೆಟ್ ಪಕ್ಕದಲ್ಲೇ. ಎದುರಿನ ರೆಕ್ಕೆಯ ಬುಡವೂ ಸ್ವಲ್ಪ ತಿರುಚಿದೆ.

ಸಾಹುಕಾರರಿಗೆ ತೋರಿಸಿದೆ. ಹೊಸ ಫ್ಯಾನೇ ಬೇಕು ಅಂದೆ.

"ವೆಲ್ಡಿಂಗ್ ಮಾಡ್ಸಿದ್ರೆ ಆಗಲ್ವೇನಪ್ಪ? ಹೊನ್ನಾಳಿ ದೊಡ್ಡಣ್ಣಂದು ಒಳ್ಳೆ ಕೈ."

"ದೊಡ್ಡಣ್ಣನ ಕೈ ಒಳ್ಳೇದೇ ಐತ್ರಿ. ಫ್ಯಾನಿಗೆ ಮಾತ್ರ ಆಗಲ್ರಿ. ಬೆಸುಗೆ ನಿಂತ್ರೂ ಪಕ್ಕದ ತಗಡು ಸುಟ್ಟು ಪೆಡಸಾಗ್ತತಿ. ಒಂದಿನ ಹಾರ್ತತಿ. ಹಾರಿದ್ರೆ ಮನುಷ್ಯನ ಜೀವ ತಕ್ಕಂಡೇ ಹೋಗ್ತತಿ."

ಎಪ್ಪತ್ತೊಂದರಲ್ಲಿ ರಾಜಸ್ಥಾನದಲ್ಲಿ ನೋಡಿದ್ದೇನೆ. ಬಾನೆಟ್ ಎತ್ತಿ ರೇಸ್ ಕೊಡುತ್ತಿದ್ದರು. ಕೇರಳದ ಹುಡುಗ, ಫ್ಯಾನಿನ ಪಕ್ಕಕ್ಕೆ ನಿಂತಿದ್ದ. ಫ್ಯಾನಿನ ರೆಕ್ಕೆ ಮುಂದಕ್ಕೂ ಹಾರುವುದಿಲ್ಲ, ಹಿಂದಕ್ಕೂ ಹಾರುವುದಿಲ್ಲ. ಪಕ್ಕಕ್ಕೆ ಹಾರುತ್ತದೆ. ಅವನನ್ನು ಸ್ಟ್ರೆಚರಿಗೆ ಎತ್ತಿ ಹಾಕಿದವರಲ್ಲಿ ನಾನೂ ಒಬ್ಬ. ಶತ್ರುವಿನ ಗುಂಡಿಗೆ ಸತ್ತಿದ್ದರೆ ಕಲ್ಲಿನ ಮೇಲೆ ಹೆಸರಾದರೂ ಇರುತ್ತಿತ್ತು.

ಸಾಹುಕಾರರು ಒಪ್ಪಿದರು. ಮುಂದಿನ ವಾರ ಬೆಂಗಳೂರಿಗೆ ಹೋಗುತ್ತಾರಂತೆ. ಹಳೇ ಮಿಲಿಟರಿ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ತರುತ್ತೇನೆ ಅಂದರು. ಅಳತೆ ಬರೆದುಕೊಟ್ಟೆ.

21-8-78

ಬಿರುಕು ಬಿಟ್ಟ ರೆಕ್ಕೆ ಕತ್ತರಿಸಿ ತೆಗೆದೆ. ಅದರ ಎದುರಿನದನ್ನೂ ತೆಗೆದೆ. ಹಾಲೇಶಪ್ಪ ಬಾಯಿ ಬಾಯಿ ಬಡಿದುಕೊಂಡರು — ಒಂದು ಕೆಟ್ಟಿದ್ದರೆ ಎರಡು ಯಾಕೆ ಕತ್ತರಿಸುತ್ತೀಯ ಅಂತ. ಒಂದೇ ತೆಗೆದರೆ ತೂಕ ಒಂದು ಕಡೆ ವಾಲಿ ಇಡೀ ಫ್ಯಾನ್ ಅದುರುತ್ತದೆ, ವಾಟರ್ ಪಂಪಿನ ಬೇರಿಂಗ್ ತಿಂದು ಹಾಕುತ್ತದೆ ಎಂದು ವಿವರಿಸಿದೆ. ಕೋಣನ ಮುಂದೆ ಕಿನ್ನರಿ.

ಈಗ ನಾಲ್ಕೇ ರೆಕ್ಕೆ. ಗಾಳಿ ಕಡಿಮೆ. ಅರ್ಧ ಲೋಡಿಗಿಂತ ಜಾಸ್ತಿ ಹಾಕಬಾರದು, ಏರಿನಲ್ಲಿ ನಿಲ್ಲಿಸಿ ನಿಲ್ಲಿಸಿ ಹೋಗಬೇಕು. ಹೊಸ ಫ್ಯಾನ್ ಬರುವವರೆಗೆ ಅಷ್ಟೇ.

5-9-78

ಸಾಹುಕಾರರು ಬಂದರು. ಫ್ಯಾನ್ ಬರಲಿಲ್ಲ.

"ಮರ್ತೇ ಹೋತಪ್ಪ. ಮಂಡಿ ಕೆಲಸದಾಗೆ ಉಸಿರಾಡಾಕೆ ಬಿಡುವಿರ್ಲಿಲ್ಲ. ದಸರಾದೊಳಗೆ ತರ್ತೀನಿ ಬಿಡು."

ಕೆಟ್ಟವರಲ್ಲ. ಸುಳ್ಳು ಹೇಳುವವರೂ ಅಲ್ಲ. ನಿಜವಾಗಿಯೂ ಮರೆತಿದ್ದಾರೆ. ಅದಕ್ಕೇ ಸಿಟ್ಟು ಬರುತ್ತದೆ.

ಅವರ ತಾಯಿ ಶಂಕ್ರಮ್ಮನವರು ಮಧ್ಯಾಹ್ನ ಎಂದಿನ ಹಾಗೆ ಮಜ್ಜಿಗೆ ಕಳಿಸಿದ್ದರು. ಶೆಡ್ಡಿನ ಗೂಡಿನಲ್ಲಿ ನನಗೂ ಜಯಪ್ಪನಿಗೂ ಬೇರೆ ಲೋಟ ಇಟ್ಟಿದೆ. ಮಜ್ಜಿಗೆಗೆ ಇಂಗು, ಕರಿಬೇವು ಹಾಕಿರುತ್ತಾರೆ. ನಮ್ಮ ಕೇರಿಯಲ್ಲಿ ಅಂಥ ಮಜ್ಜಿಗೆ ಇಲ್ಲ ಎಂದು ಹೆಂಡತಿ ಉಡಚಮ್ಮನ ಮುಂದೆ ಒಮ್ಮೆ ಹೇಳಿ ಬೈಸಿಕೊಂಡಿದ್ದೆ.

13-9-78

ಇವತ್ತು ನಾನೂ ಲಾರಿಯಲ್ಲಿ ಹೋಗಿದ್ದೆ. ಬಸವಾಪಟ್ಟಣದ ಹತ್ತಿರ ಕುದಿಯಿತು. ಹೇಳಿದ್ದಕ್ಕಿಂತ ಜಾಸ್ತಿ ಲೋಡು. ರೇಡಿಯೇಟರಿನ ಸಂದಿಗೆಲ್ಲ ಕುರಿಗೊಬ್ಬರದ ದೂಳು, ಉಣ್ಣೆ ಎಳೆ. ಕಡ್ಡಿಯಿಂದ ಕೆರೆದು ತೆಗೆದೆ.

ರಸ್ತೆ ಬದಿ ಮನೆಯ ಹೆಂಗಸು ಬಾವಿಯಿಂದ ಸೇದಿ ಸೇದಿ ಲಾರಿಗೆ ಕೊಡ ಕೊಡ ನೀರು ಕೊಟ್ಟಳು. ಪುಣ್ಯಾತ್ಗಿತ್ತಿ. ಆಮೇಲೆ ನನಗೆ ಬಾಯಾರಿಕೆ ಅಂದೆ. ಯಾವ ಊರು, ಯಾರ ಪೈಕಿ ಎಂದು ಕೇಳಿದಳು. ಹರಿಜನ ಕೇರಿ ಅಂದೆ — ಪಟ್ಟಾಳದಲ್ಲಿ ಸುಳ್ಳು ಹೇಳುವ ಅಭ್ಯಾಸ ತಪ್ಪಿಹೋಗಿದೆ. ಬೊಗಸೆ ಹಿಡಿ ಅಂದಳು. ಮೇಲಿಂದ ಹುಯ್ದಳು.

ಲಾರಿಗೆ ಜಾತಿ ಇಲ್ಲ. ಅದರ ಬಾಯಿಗೆ ಕೊಡ ತಗುಲಿದರೂ ನಡೆಯುತ್ತದೆ. ಜಯಪ್ಪನಿಗೆ ಹೀಗೆ ಹೇಳಿ ನಗಿಸಿದೆ. ನನಗೆ ನಗು ಬರಲಿಲ್ಲ.

28-9-78

ಜಗಳೂರು ದಾರಿಯಲ್ಲಿ ಮತ್ತೆ ನಿಂತಿತಂತೆ. ಯಾರೋ 'ಮಿಲಿಟರಿ ಲಾರಿ ಅಂತೀರಿ, ನಿಂತಲ್ಲೇ ಸಲಾಂ ಹೊಡೀತತಲ್ರಿ' ಎಂದು ಹಾಲೇಶಪ್ಪನಿಗೆ ಅಂದರಂತೆ. ಬಂದವರೇ ನನ್ನ ಮೇಲೆ ಹರಿಹಾಯ್ದರು.

"ಆರ್ ರೆಕ್ಕೆ ಫ್ಯಾನ್ ಇತ್ತು. ಕೈಯಾರೆ ಕತ್ತರಿಸಿ ಹಾಕ್ದೆ. ಮಾಡಾಕೆ ಬರಲ್ಲ, ಕೆಡ್ಸಾಕೆ ಬರ್ತತಿ ನಿನಗೆ."

"ಹೊಸಾದು ತರ್ಸ್ರಿ ಅಣ್ಣಾರೇ. ಅರ್ಧ ಗಂಟೆ ಕೆಲಸ. ಹಾಕ್ಕೊಡ್ತೀನಿ."

ಲಾರಿಯ ಬಾಗಿಲು ದಡ್ ಎಂದು ಹಾಕಿ ಹೋದರು. ಕತ್ತರಿಸಿದ ಎರಡು ರೆಕ್ಕೆ ಶೆಡ್ಡಿನ ಮೂಲೆಯಲ್ಲಿವೆ. ಗುಜರಿಗೆ ಹಾಕಬೇಕು. ನಾಳೆ.

6-10-78

ಮಳೆಗೆ ನ್ಯಾಮತಿಯಲ್ಲಿ ಚೌಡಕ್ಕನ ಮನೆ ಗೋಡೆ ಕುಸಿದಿದೆ. ಉಡಚಮ್ಮನ ಅಕ್ಕ, ಗಂಡ ಇಲ್ಲದ ಹೆಂಗಸು. ಹೋಗಿ ಎತ್ತಿ ಕಟ್ಟಿಕೊಡಬೇಕು. ಹಬ್ಬದ ಹೊತ್ತಿಗೆ ಬರುತ್ತೇನೆ ಎಂದು ಸಾಹುಕಾರರಿಗೆ ಹೇಳಿದೆ. ಫ್ಯಾನ್ ಮಾತು ತೆಗೆದೆ. ಹಬ್ಬ ಮುಗಿದ ಮೇಲೆ ಬೆಂಗಳೂರಿಗೆ ಹೋಗುವುದು ಗ್ಯಾರಂಟಿ ಅಂದರು.

ಜಯಪ್ಪನಿಗೆ ಹೇಳಿದೆ — ಫ್ಯಾನ್ ಯಾರೂ ಮುಟ್ಟಕೂಡದು. ಹೂಂ ಅಂದ.

10-10-78, ಬೆಳಿಗ್ಗೆ 0800

ನಿನ್ನೆ ಸಂಜೆ ಬಂದೆ. ಇವತ್ತು ಆಯುಧಪೂಜೆ.

ಜಯಪ್ಪ ಈಗ ಬಂದಿದ್ದ. ಮುಖ ಎತ್ತಲಿಲ್ಲ. ನಾನಿಲ್ಲದಾಗ ಹಾಲೇಶಪ್ಪ ಫ್ಯಾನ್ ಬಿಚ್ಚಿಸಿ, ಮೂಲೆಯಲ್ಲಿದ್ದ ಎರಡು ರೆಕ್ಕೆ ಸಮೇತ ಹೊನ್ನಾಳಿಗೆ ಒಯ್ದು ದೊಡ್ಡಣ್ಣನ ಹತ್ತಿರ ಬೆಸುಗೆ ಹಾಕಿಸಿದ್ದಾರೆ. ಮೇಲೆ ಬೆಳ್ಳಿ ಬಣ್ಣ ಹೊಡೆಸಿದ್ದಾರೆ, ಹಬ್ಬಕ್ಕೆ ಅಂತ. ಮತ್ತೆ ಆರು ರೆಕ್ಕೆ.

ಗುಜರಿಗೆ ಹಾಕದೆ ಬಿಟ್ಟೆನಲ್ಲ. ಎಂಥ ದಡ್ಡ ನಾನು.

ಪೂಜೆ ಆದಮೇಲೆ ಲಾರಿ ಸ್ಟಾರ್ಟ್ ಮಾಡುತ್ತಾರೆ. ಸುತ್ತ ಜನ ಇರುತ್ತಾರೆ. ಹೋಗುತ್ತಿದ್ದೇನೆ.

10-10-78

ಇಲ್ಲ. ಬರೆಯಲು ಆಗುವುದಿಲ್ಲ.

15-10-78

ಐದು ದಿನ ಆಯಿತು. ಬರೆದುಬಿಡುತ್ತೇನೆ. ಬರೆಯದಿದ್ದರೆ ತಲೆಯಲ್ಲಿ ಅದೇ ತಿರುಗುತ್ತಿರುತ್ತದೆ.

ವರ್ಷವಿಡೀ ಲಾರಿ ನಿಲ್ಲುವುದು ರಸ್ತೆ ಬದಿಯ ಶೆಡ್ಡಿನಲ್ಲಿ. ಆಯುಧಪೂಜೆಯ ದಿನ ಮಾತ್ರ ಸಾಹುಕಾರರ ಮನೆ ಅಂಗಳಕ್ಕೆ ತರುತ್ತಾರೆ. ಶೆಡ್ಡಿನಲ್ಲಿ ಅದರ ಹೊಟ್ಟೆಯ ಕೆಳಗೆ ಮಲಗುವವನು ನಾನು. ಅಂಗಳಕ್ಕೆ ಹೋದಮೇಲೆ ನಾನು ಗೇಟಿನ ಆಚೆ. ಯಾರೂ ಬೋರ್ಡು ಹಾಕಿಲ್ಲ. ನಾಲ್ಕು ವರ್ಷದಿಂದ ಹಾಗೇ ನಡೆದು ಬಂದಿದೆ. ಜಯಪ್ಪನೂ ಅಷ್ಟೇ — ಗೇಟಿನವರೆಗೆ ಓಡಿಸಿಕೊಂಡು ಬಂದು ಇಳಿಯುತ್ತಾನೆ, ಒಳಗೆ ಹಾಲೇಶಪ್ಪ ತೆಗೆದುಕೊಂಡು ಹೋಗುತ್ತಾರೆ.

ನಾನು ಹೋದಾಗ ಬಾಳೆಕಂದು ಕಟ್ಟಿ ಆಗಿತ್ತು. ಇಂಜಿನಿಗೂ ಆರತಿ ಆಗಬೇಕು ಎಂದು ಬಾನೆಟ್ ಎತ್ತಿದ್ದರು. ಗೇಟಿನಿಂದಲೇ ಫ್ಯಾನ್ ಕಾಣುತ್ತಿತ್ತು. ಬಣ್ಣ ಹೊಳೆಯುತ್ತಿತ್ತು. ಸಾಹುಕಾರರು ಒಳಗೆ ಪೂಜೆಗೆ ಕೂತಿದ್ದರು. ಹಾಲೇಶಪ್ಪನನ್ನು ಗೇಟಿಗೆ ಕರೆಸಿದೆ.

"ಅಣ್ಣಾರೇ, ಫ್ಯಾನ್ ಬಿಚ್ಚಿಸ್ರಿ. ಇಲ್ಲಾಂದ್ರೆ ಬೆಲ್ಟ್ ಆದ್ರೂ ತೆಗೀರಿ. ಸ್ಟಾರ್ಟ್ ಮಾತ್ರ ಮಾಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಸ್ಪ್ಯಾನರ್ ಎಲ್ಲಾ ಪೂಜೆಗಿಟ್ಟೈತೆ. ಇವತ್ತು ಮುಟ್ಟಾಕಾಗ್ತತೇನು? ಹಬ್ಬದ ದಿನ ಅಪಶಕುನ ಆಡಬ್ಯಾಡ. ನಾಳೆ ಬಂದು ನೋಡು."

ಕೂಗು ಕೇಳಿ ಶಂಕ್ರಮ್ಮನವರು ಬಂದರು. ಹೊಸ ಇಳಕಲ್ ಸೀರೆ ಉಟ್ಟಿದ್ದರು.

"ಯಾಕ್ ನನ್ನಪ್ಪ, ಹಿಂಗ್ ಬೆವರ್ತೀಯ?"

"ಅಮ್ಮಾರೇ, ಆ ಫ್ಯಾನ್ ಸರಿ ಇಲ್ಲ. ಗಾಡಿ ಚಾಲೂ ಮಾಡಿದ್ರೆ ಯಾರೂ ಪಕ್ಕದಾಗೆ ನಿಲ್ಲಬಾರ್ದು. ನೀವಂತೂ ಹತ್ರಕ್ಕೇ ಹೋಗಬ್ಯಾಡ್ರಿ."

"ಆಗ್ಲಪ್ಪ, ಹೇಳ್ತೀನಿ ಹಾಲೇಶಗೆ. ದೇವ್ರಿಗಿಟ್ಟ ಸಾಮಾನು, ಇವತ್ತೊಂದಿನ ಸುಮ್ನಿರು. ಅಲ್ಲೇ ಕುಂದ್ರು, ಹೋಳಿಗೆ ಕಳಿಸ್ತೀನಿ."

ಕಳಿಸಿದರು. ಬಾಳೆ ಎಲೆಯಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ. ಕೈಯಲ್ಲಿ ಹಿಡಿದುಕೊಂಡು ನಿಂತೆ.

ಮಂಗಳಾರತಿ ಆಯಿತು. ಡೊಳ್ಳು ಶುರುವಾಯಿತು. ಹಾಲೇಶಪ್ಪ ಹತ್ತಿ ಸ್ಟಾರ್ಟ್ ಮಾಡಿದರು. ಜನ ನೋಡಲಿ ಎಂದು ರೇಸ್ ಕೊಟ್ಟರು. ಡೊಳ್ಳಿನ ಸದ್ದಿನಲ್ಲೂ ನನಗೆ ಕೇಳಿಸಿತು — ಫ್ಯಾನ್ ಅದುರುತ್ತಿತ್ತು. ಕೂಗಿದೆ. ಜಯಪ್ಪನೂ ಕೂಗಿದ. ಕೆಲವರು ನಮ್ಮ ಕಡೆ ತಿರುಗಿ ನೋಡಿ ನಕ್ಕರು, ಹಬ್ಬದ ಖುಷಿಗೆ ಕೂಗುತ್ತಿದ್ದಾರೆ ಎಂದುಕೊಂಡು.

ಗೇಟು ತೆಗೆದಿತ್ತು. ಅಡ್ಡ ಯಾರೂ ಇರಲಿಲ್ಲ. ಓಡಿಹೋಗಿ ಕ್ಯಾಬಿನ್ ಹತ್ತಿ ಇಂಜಿನ್ ಆಫ್ ಮಾಡುವಷ್ಟು ಹೊತ್ತಿತ್ತು. ಪಾಕಿಸ್ತಾನದ ಗಡಿ ದಾಟಿದ ಕಾಲು ಇವು. ಏಳಲಿಲ್ಲ. ನಾನು ಇಷ್ಟೇ ಅಂದುಕೊಂಡದ್ದು ನೆನಪಿದೆ — ಒಳಗೆ ಹೋದರೆ ಪೂಜೆ ಕೆಡುತ್ತದೆ, ಶಂಕ್ರಮ್ಮನವರು ನೊಂದುಕೊಳ್ಳುತ್ತಾರೆ.

ಲಾರಿಯ ಮುಂದೆ ಜನ ಕಿಕ್ಕಿರಿದಿದ್ದರು. ಶಂಕ್ರಮ್ಮನವರಿಗೆ ಇಂಜಿನಿಗೆ ಆರತಿ ಎತ್ತಲು ಜಾಗ ಸಿಗಲಿಲ್ಲ. ತಟ್ಟೆ ಹಿಡಿದು ಪಕ್ಕಕ್ಕೆ ಬಂದರು.

ರೆಕ್ಕೆ ಹಾರಿದ ಮೇಲೆ ಓಡಿದೆ. ಗೇಟು ದಾಟಿದ್ದು ಗೊತ್ತಾಗಲಿಲ್ಲ. ನಾನೇ ಎತ್ತಿಕೊಂಡೆ. ಕುತ್ತಿಗೆಗೆ ಬಟ್ಟೆ ಒತ್ತಿ ಹಿಡಿದೆ, ಆರ್ಮಿಯಲ್ಲಿ ಕಲಿಸಿದ ಹಾಗೆ. ನನ್ನ ಕೈಯೆಲ್ಲ ತುಪ್ಪವಾಗಿತ್ತು, ಜಾರುತ್ತಿತ್ತು. ನನ್ನ ತೊಡೆಯ ಮೇಲೇ ಹೋದರು. ಆಗ ಯಾರೂ ನನಗೆ ಮುಟ್ಟಬೇಡ ಅನ್ನಲಿಲ್ಲ.

19-10-78

ಪೊಲೀಸರು ಬಂದಿದ್ದರು. ಮೆಕ್ಯಾನಿಕ್ ಎಲ್ಲಿದ್ದ ಎಂದು ಕೇಳಿದರು. ಗೇಟಿನ ಹೊರಗೆ ಅಂದೆ. ಬರೆದುಕೊಂಡರು. ಯಾಕೆ ಎಂದು ಅವರು ಕೇಳಲಿಲ್ಲ. ಅವರಿಗೆ ಅದು ಕೇಳಬೇಕಾದ ಪ್ರಶ್ನೆ ಅನ್ನಿಸಿಲ್ಲ.

ಹೊನ್ನಾಳಿಯಿಂದ ದೊಡ್ಡಣ್ಣ ಬಂದು ಕೇರಿಯ ಬಾಯಲ್ಲಿ ಕೂತು ಅತ್ತ. "ಫ್ಯಾನಿಗೆ ಹಾಕಬಾರ್ದು ಅಂತ ನಂಗೂ ಗೊತ್ತಿತ್ತು ಹನುಮಂತಣ್ಣ. ಸಾಹುಕಾರ್ರ ತಮ್ಮ, ಹೆಂಗೆ ಇಲ್ಲ ಅನ್ಲಿ?" ಅವನಿಗೆ ಬೈಯಲು ಹೋದೆ. ಯಾವ ಬಾಯಿಂದ ಬೈಯಲಿ?

ಸಾಹುಕಾರರು ಯಾರ ಮೇಲೂ ದೂರು ಕೊಡಲಿಲ್ಲವಂತೆ. ಅವ್ವನ ಋಣ ಅಷ್ಟೇ ಇತ್ತು ಅಂದರಂತೆ.

27-10-78

ಶೆಡ್ಡಿಗೆ ಹೋಗಿಲ್ಲ. ಊಟ ಸೇರುವುದಿಲ್ಲ. ಕೆಲಸ ಬಿಟ್ಟ ಕೈ, ಸುಮ್ಮನೆ ತೊಡೆಯ ಮೇಲೆ ಬಿದ್ದಿರುತ್ತದೆ.

ಉಡಚಮ್ಮ ತಾಳುವಷ್ಟು ತಾಳಿ ಇವತ್ತು ಜಗಳಕ್ಕೇ ಬಂದಳು. "ನಿಮ್ಮ ತಪ್ಪೇನೈತಿ? ಬಾಯಿ ಬಿಟ್ಟು ಹೇಳಿದ್ರಿ, ಕಾಲಿಗೆ ಬೀಳ್ತೀನಿ ಅಂದ್ರಿ. ಅದಕ್ಕಿಂತ ಏನ್ ಮಾಡ್ಬೇಕಿತ್ತು?"

"ಒಳಗೆ ಹೋಗ್ಬೇಕಿತ್ತು."

"ಹೋಗಿದ್ರೆ? ಫ್ಯಾನ್ ನಿಲ್ಲಿಸ್ತಿದ್ರಿ. ರೆಕ್ಕೆ ಹಾರ್ತಿರ್ಲಿಲ್ಲ. ಏನೂ ಆಗ್ತಿರ್ಲಿಲ್ಲ. ಏನೂ ಆಗದಿದ್ಮ್ಯಾಲೆ ನಿಮ್ಮ ಮಾತು ಯಾರು ನಂಬ್ತಿದ್ರು? ಪೂಜಿ ಕೆಡಿಸ್ದ ಅಂತ ಬಡೀತಿದ್ರು. ಕೇರಿಗೇ ಕಂಟಕ ಬರ್ತಿತ್ತು."

ಸರಿಯಾಗಿಯೇ ಹೇಳಿದಳು. ಬಡಿಸಿಕೊಳ್ಳಬಹುದಿತ್ತು. ಬಡಿದ ಗಾಯ ಮಾಯುತ್ತಿತ್ತು. ಶಂಕ್ರಮ್ಮನವರು ಮಾರನೇ ದಿನ ಮಜ್ಜಿಗೆ ಕಳಿಸುತ್ತಿದ್ದರೋ ಇಲ್ಲವೋ, ಬದುಕಂತೂ ಇರುತ್ತಿದ್ದರು.

3-11-78, ಸಂಜೆ

ಸಾಹುಕಾರರು ಬಂದಿದ್ದರು. ನಮ್ಮ ಮನೆಗೆ. ಕೇರಿಯೊಳಗೆ ಅವರು ಕಾಲಿಟ್ಟದ್ದು ಯಾರಿಗೂ ನೆನಪಿಲ್ಲ. ಮಕ್ಕಳೆಲ್ಲ ಹಿಂದೆ ಬಂದಿದ್ದವು. ಉಡಚಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ಕೂತರು. ಗಡ್ಡ ಬಿಟ್ಟಿದ್ದಾರೆ. ತುಂಬ ಇಳಿದುಹೋಗಿದ್ದಾರೆ.

ಬೆಂಗಳೂರಿಗೆ ಹೋಗಿದ್ದಾಗ ಫ್ಯಾನ್ ಮರೆತೆನಲ್ಲ, ಮರೆತೆನಲ್ಲ ಎಂದು ಎರಡು ಸಲ ಅಂದರು.

ಆಮೇಲೆ ನನ್ನನ್ನೇ ನೋಡಿ ಕೇಳಿದರು.

"ಹಾಲೇಶ ಎಲ್ಲಾ ಹೇಳ್ದ. ನೀನ್ ಬ್ಯಾಡ ಅಂದಿದ್ಯಂತೆ. ಹಾರ್ತತಿ ಅಂತ ನಿಂಗೆ ಗೊತ್ತಿತ್ತು. ಅಷ್ಟು ಗೊತ್ತಿದ್ಮ್ಯಾಲೆ ಯಾಕ್ ಹನುಮಂತಪ್ಪ ಗೇಟಿನಾಗೇ ನಿಂತೆ? ಒಳಗೆ ಬಂದು ಆಫ್ ಮಾಡ್ಬಾರ್ದಿತ್ತಾ? ಬಂದಿದ್ರೆ ನಿನ್ನ ಯಾರು ಏನಂತಿದ್ರು?"

ಮುಖ ನೋಡಿದೆ. ಕೊಂಕು ಇರಲಿಲ್ಲ. ಸಿಟ್ಟೂ ಇರಲಿಲ್ಲ. ಕಣ್ಣಲ್ಲಿ ನೀರಿತ್ತು. ನಾನು ಯಾಕೆ ಗೇಟಿನ ಆಚೆ ನಿಲ್ಲುತ್ತೇನೆ ಎಂದು ಅವರಿಗೆ ನಿಜವಾಗಿಯೂ ಗೊತ್ತಿಲ್ಲ.

ತಪ್ಪಾಯ್ತು ಸಾಹುಕಾರ್ರೇ, ಅಂದೆ. ಕೈ ಮುಗಿದು ಅಂದೆ. ಅವರು ಎದ್ದು ಹೋಗುವವರೆಗೂ ಅದನ್ನೇ ಅಂದೆ. ಅನ್ನಬೇಕಾಗಿದ್ದದ್ದು ಅದಲ್ಲ. ಅನ್ನಬೇಕಾಗಿದ್ದದ್ದು —